ಎಣಿಸಲು ಬಂದರೆ ದಾರಿ ತಪ್ಪುವುದಿಲ್ಲ

ಸಾಗರದಿಂದ ನನ್ನ ಗೆಳತಿ ಫೋನ್ ಮಾಡಿದ್ದಳು. ಹೈಸ್ಕೂಲಿನ ಒಂದೇ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಬುತ್ತಿ ಹಂಚಿಕೊಂಡು ತಿಂದವರು ನಾವು. ಅವಳು ಲೆಕ್ಕದ ಮೇಡಂ, ನಾನು ಸಮಾಜದ ಮೇಡಂ. “ಬರೋ ತಿಂಗಳು ಮಗಳ ಮನೆಗೆ ಹೊರಟಿದ್ದೀನಿ ಮಾರಾಯ್ತಿ. ಅವಳಿರೋದೂ ನಿಮ್ಮ ಶಿಕಾಗೋದಲ್ಲೇ. ಗಂಡ ಹೆಂಡತಿ ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆವರೆಗೆ ಕಿಟಕಿ ನೋಡ್ತಾ ಕೂರೋಕೆ ನನ್ನ ಕೈಲಿ ಆಗಲ್ಲ. ನೀನು ಒಬ್ಬಳೇ ಬಸ್ಸಲ್ಲಿ ಓಡಾಡ್ತೀಯಂತೆ. ಹ್ಯಾಗೆ ಅಂತ ಒಂದು ನಾಲ್ಕು ಸಾಲು ಬರೆದು ಕಳಿಸು” ಎಂದಳು.

ಕಳಿಸುತ್ತೇನೆ ಎಂದೆ. ಬರೆಯಲು ಕೂತಾಗ ಗೊತ್ತಾಯಿತು, ನಾಲ್ಕು ಸಾಲಿನಲ್ಲಿ ಮುಗಿಯುವ ಕೆಲಸವಲ್ಲ ಇದು. ಒಂದೊಂದು ಸಲಹೆಯ ಬಾಲ ಹಿಡಿದು ಎಳೆದರೂ ನೂರು ನೂರೈವತ್ತು ವರ್ಷದ ಚರಿತ್ರೆ ಹಿಂದೆಯೇ ಬರುತ್ತದೆ. ಅದರಲ್ಲೂ ಕೊನೆಯ ಸಾಲೊಂದನ್ನು ಬರೆಯಬೇಕೋ ಬಿಡಬೇಕೋ ತಿಳಿಯದೆ ಒಂದು ವಾರ ಕಾಗದ ಹಾಗೇ ಬಿದ್ದಿತ್ತು. ಆ ಸಾಲಿನ ಕಥೆ ಕಡೆಗೆ ಹೇಳುತ್ತೇನೆ.

ಮಗನ ಮನೆ ಇರುವುದು ಊರಿನ ಉತ್ತರ ಭಾಗದಲ್ಲಿ, ವೆಸ್ಟರ್ನ್ ಅವೆನ್ಯೂ ಮತ್ತು ಲಾರೆನ್ಸ್ ಅವೆನ್ಯೂ ಕೂಡುವ ಕಡೆ. ನಾನು ಬಂದ ಮೊದಲ ತಿಂಗಳು ಎಲ್ಲ ಅಪ್ಪ ಅಮ್ಮಂದಿರ ಹಾಗೆ ಶನಿವಾರಕ್ಕೆ ಕಾಯುವುದೇ ನನ್ನ ಕೆಲಸವಾಗಿತ್ತು. ಕರಿಬೇವು ಬೇಕಾದರೂ ಶನಿವಾರ, ದೇವಸ್ಥಾನಕ್ಕೂ ಶನಿವಾರ. ನಮ್ಮವರ ಅಂಗಡಿಗಳಿರುವ ಡೆವೊನ್ ಅವೆನ್ಯೂ ಮನೆಯಿಂದ ಮೂರು ಕಿಲೋಮೀಟರ್ ಚಿಲ್ಲರೆ ದೂರ. ಸಾಗರದಲ್ಲಾಗಿದ್ದರೆ ಮಾತಾಡುತ್ತಾ ನಡೆದು ಹೋಗಿ ಬರುವಷ್ಟು. ಒಂದು ಮಂಗಳವಾರ ಸೊಸೆಯ ಬಸ್ ಕಾರ್ಡ್ ತೆಗೆದುಕೊಂಡು, ವೆಸ್ಟರ್ನ್ ಅವೆನ್ಯೂದಲ್ಲಿ ಉತ್ತರಕ್ಕೆ ಹೋಗುವ ಬಸ್ ಹತ್ತಿದರೆ ನೇರ ಡೆವೊನ್ ಎಂದು ಲೆಕ್ಕ ಹಾಕಿ, ಹೊರಟೇಬಿಟ್ಟೆ.

ಬಸ್ ಬಂತು, ಹತ್ತಿದೆ, ಕಾರ್ಡ್ ತಾಗಿಸಿದೆ, ಮುಂದಿನ ಸೀಟಿನಲ್ಲಿ ಕೂತೆ. ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು, ಸೀರೆಯಂಗಡಿಯೂ ಇಲ್ಲ, ಸಾಂಬಾರ್ ಪುಡಿಯ ವಾಸನೆಯೂ ಇಲ್ಲ. ಪಕ್ಕದಲ್ಲಿ ನನಗಿಂತ ಹಿರಿಯರಾದ ಒಬ್ಬ ಕಪ್ಪು ಹೆಂಗಸು ಕೂತಿದ್ದರು. ಮಡಿಲಲ್ಲಿ ಚೀಲ, ತಲೆಗೆ ಹೆಣೆದ ಟೋಪಿ. ಡೆವೊನ್ ಎಷ್ಟು ದೂರ ಎಂದು ಕೇಳಿದೆ. ಅವರು ಕಿಟಕಿಯಾಚೆ ಬೀದಿಯ ಹಸಿರು ಫಲಕ ತೋರಿಸಿದರು. ಹೆಸರಿನ ಜೊತೆ ಅದರಲ್ಲಿ ಒಂದು ಸಂಖ್ಯೆಯೂ ಇತ್ತು: 800 ಉತ್ತರ. “ನೀವು ಹತ್ತಿದ್ದು 4800ರಲ್ಲಿ. ಡೆವೊನ್ ಇರುವುದು 6400ರಲ್ಲಿ. ಸಂಖ್ಯೆ ಏರಬೇಕಿತ್ತು, ಇಳಿಯುತ್ತಾ ಬಂದಿದೆ. ನೀವು ಎಂಟು ಕಿಲೋಮೀಟರ್ ತಿರುಗಾ ಬಂದಿದ್ದೀರಿ” ಎಂಬರ್ಥದಲ್ಲಿ ಹೇಳಿ, ನನ್ನ ಮುಖ ನೋಡಿ ನಕ್ಕರು. ಗಾಬರಿಯಾಗಬೇಡಿ, ಈ ಊರಿನಲ್ಲಿ ಎಣಿಸಲು ಬಂದವರು ಕಳೆದುಹೋಗುವುದಿಲ್ಲ ಎಂದರು. ನಾನು ಲೆಕ್ಕದ ಮೇಡಂ ಅಲ್ಲ ಎಂದು ಹೇಳೋಣವೆಂದುಕೊಂಡೆ, ಇಂಗ್ಲಿಷು ತಡವರಿಸಿತು.

ಗೆಳತಿಗೆ ಬರೆದ ಮೊದಲ ಸಾಲು ಆ ಹಿರಿಯರದ್ದೇ: ಸೊನ್ನೆ ಎಲ್ಲಿದೆ ತಿಳಿದುಕೋ. ಶಿಕಾಗೋದ ಸೊನ್ನೆ ಇರುವುದು ಪೇಟೆಯ ನಡುವೆ, ಸ್ಟೇಟ್ ಬೀದಿ ಮತ್ತು ಮ್ಯಾಡಿಸನ್ ಬೀದಿ ಕೂಡುವಲ್ಲಿ. ಅಲ್ಲಿಂದ ನಾಲ್ಕು ದಿಕ್ಕಿಗೂ ಸಂಖ್ಯೆ ಏರುತ್ತದೆ. ಎಂಟು ನೂರಾದರೆ ಒಂದು ಮೈಲಿ, ನೂರಾದರೆ ಸುಮಾರು ಇನ್ನೂರು ಮೀಟರ್. 2400 ಪಶ್ಚಿಮ ಎಂದರೆ ಸ್ಟೇಟ್ ಬೀದಿಯಿಂದ ಮೂರು ಮೈಲಿ. ಬೀದಿಯ ಉತ್ತರ ಮತ್ತು ಪಶ್ಚಿಮ ಬದಿಯ ಮನೆಗಳಿಗೆ ಸಮಸಂಖ್ಯೆ, ದಕ್ಷಿಣ ಮತ್ತು ಪೂರ್ವಕ್ಕೆ ಬೆಸ. ಸೊನ್ನೆಯಿಂದ ದಕ್ಷಿಣಕ್ಕೆ ಹೋಗುವಾಗ ಮೊದಲ ಮೂರು ಮೈಲಿಗೆ ಮಾತ್ರ ಲೆಕ್ಕ ಕೊಂಚ ಬೇರೆ. ಅಲ್ಲಿ ಹಳೆಯ ಸಂಖ್ಯೆಯ ಬೀದಿಗಳು ಮೊದಲೇ ಇದ್ದವು.

ಈ ವ್ಯವಸ್ಥೆ ತಾನಾಗಿ ಬಂದದ್ದಲ್ಲ. 1889ರಲ್ಲಿ ಶಿಕಾಗೋ ಸುತ್ತಲಿನ ಊರುಗಳನ್ನೆಲ್ಲ ಒಮ್ಮೆಗೇ ಒಳಗೆ ಸೇರಿಸಿಕೊಂಡಿತು. ಪ್ರತಿ ಊರೂ ತನ್ನ ಬೀದಿಯ ಹೆಸರು, ತನ್ನ ಎಣಿಕೆಯ ಸಮೇತ ಬಂತು. ಒಂದೇ ಹೆಸರಿನ ಬೀದಿಗಳು ಹಲವಾದವು. ಎಣಿಕೆ ಕೆಲವೆಡೆ ನದಿಯಿಂದ, ಕೆಲವೆಡೆ ಸರೋವರದಿಂದ ಶುರುವಾಗುತ್ತಿತ್ತು. ಅಂಚೆಯವನಿಗೂ ವೈದ್ಯನಿಗೂ ತಲೆ ತಿರುಗುವ ಸ್ಥಿತಿ. ಎಡ್ವರ್ಡ್ ಬ್ರೆನನ್ ಎಂಬ ಸಾಮಾನ್ಯ ನಾಗರಿಕ ವರ್ಷಗಟ್ಟಲೆ ನಗರಸಭೆಯ ಬೆನ್ನು ಹತ್ತಿ, ಇಡೀ ಊರಿಗೆ ಒಂದೇ ಸೊನ್ನೆ ಇರಲಿ ಎಂದು ಒಪ್ಪಿಸಿದ. 1909ರ ಸೆಪ್ಟೆಂಬರ್ 1ರಿಂದ ಹೊಸ ಸಂಖ್ಯೆಗಳು ಬಂದವು. ಎರಡು ವರ್ಷದ ಮೇಲೆ ನಡುಪೇಟೆಯೂ ಆ ಲೆಕ್ಕಕ್ಕೆ ಸೇರಿತು.

ಇದನ್ನು ಓದುವಾಗ ನನಗೆ ನೆನಪಾದದ್ದು ವಿವೇಕಾನಂದರು. 1893ರ ಸೆಪ್ಟೆಂಬರಿನಲ್ಲಿ ಸರ್ವಧರ್ಮ ಸಮ್ಮೇಳನಕ್ಕೆ ಎರಡನೇ ಸಲ ಶಿಕಾಗೋಗೆ ಬಂದಿಳಿದಾಗ ಅವರ ಕೈಯಲ್ಲಿದ್ದ ವಿಳಾಸದ ಚೀಟಿ ಕಳೆದುಹೋಗಿತ್ತು, ದಾರಿ ಹೇಳುವವರು ಸಿಗಲಿಲ್ಲ, ರಾತ್ರಿಯನ್ನು ರೈಲ್ವೆ ಯಾರ್ಡಿನ ಖಾಲಿ ಡಬ್ಬಿಯೊಂದರಲ್ಲಿ ಕಳೆದರು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಮರುದಿನ ಡಿಯರ್‌ಬಾರ್ನ್ ಬೀದಿಯಲ್ಲಿ ದಣಿದು ಕೂತಿದ್ದವರನ್ನು ಎದುರು ಮನೆಯ ಶ್ರೀಮತಿ ಹೇಲ್ ಒಳಗೆ ಕರೆದರು. ಈ ಪ್ರಸಂಗವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ದೈವಲೀಲೆ ಎಂಬ ಧಾಟಿಯಲ್ಲಿ. ಆಗಿನ ಶಿಕಾಗೋದಲ್ಲಿ ಯಾರು ಬೇಕಾದರೂ ದಾರಿ ತಪ್ಪುವಂತಿತ್ತು, ಬ್ರೆನನ್ನನ ಸಂಖ್ಯೆ ಬರಲು ಇನ್ನೂ ಹದಿನಾರು ವರ್ಷ ಬಾಕಿಯಿತ್ತು ಎಂಬುದು ನನಗೆ ಗೊತ್ತಿರಲಿಲ್ಲ.

ಎರಡನೇ ಸಾಲು: ಮೈಲಿಗೊಂದು ದೊಡ್ಡ ಬೀದಿ, ದೊಡ್ಡ ಬೀದಿಗೊಂದು ಬಸ್ಸು. ಈ ಮೈಲಿಯ ಮೂಲ ಇನ್ನೂ ಹಿಂದಿನದು. 1785ರಲ್ಲಿ ಹೊಸ ದೇಶದ ಸಂಸತ್ತು ಪಶ್ಚಿಮದ ನೆಲವನ್ನು ಅಳೆದು ಮಾರಲು ಒಂದು ಕಾನೂನು ಮಾಡಿತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳು, ಅದರೊಳಗೆ ಒಂದೊಂದು ಚದರ ಮೈಲಿಯ ಮೂವತ್ತಾರು ತುಂಡುಗಳು. ಗುಡ್ಡವಿರಲಿ, ಹಳ್ಳವಿರಲಿ, ಗೆರೆ ನೇರ. 1830ರಲ್ಲಿ ಜೇಮ್ಸ್ ಥಾಂಪ್ಸನ್ ಎಂಬ ಮೋಜಣಿದಾರ ಶಿಕಾಗೋದ ಮೊದಲ ನಕ್ಷೆ ಬರೆದಾಗಲೂ ಅವನ ಬೀದಿಗಳೆಲ್ಲ ನೇರವಾಗಿ ಅಡ್ಡಡ್ಡ ಉದ್ದುದ್ದ ಬಿದ್ದವು. ಗುಡ್ಡ ಬಳಸಿ, ತೋಟ ಬಳಸಿ, ಯಾರದೋ ಅಂಗಳದ ಅಂಚಿನಲ್ಲಿ ಹಾಯುವ ಮಲೆನಾಡಿನ ದಾರಿಯಲ್ಲಿ ನಡೆದ ನನ್ನಂಥವಳಿಗೆ ಈ ನೇರ ಬೀದಿ ಮೊದಮೊದಲು ಉಸಿರು ಕಟ್ಟಿಸುತ್ತಿತ್ತು.

ಆದರೆ ನಕ್ಷೆಯಲ್ಲಿ ಕೆಲವು ಓರೆ ಗೆರೆಗಳೂ ಇವೆ. ಮಿಲ್ವಾಕಿ ಅವೆನ್ಯೂ, ಕ್ಲಾರ್ಕ್ ಬೀದಿಯ ಉತ್ತರದ ಭಾಗ, ವಿನ್ಸೆನ್ಸ್ ಅವೆನ್ಯೂ. ಇವು ಮೋಜಣಿದಾರನ ಕೈಗೆ ಸಿಗದೆ ಉಳಿದ ಹಳೆಯ ಕಾಲುದಾರಿಗಳು. ಪೊಟವಾಟಮಿ ಮತ್ತಿತರ ಮೂಲನಿವಾಸಿಗಳು ಒಣ ನೆಲ ಹುಡುಕಿ ನಡೆದ ದಾರಿಗಳು. 1833ರ ಶಿಕಾಗೋ ಒಪ್ಪಂದದಲ್ಲಿ ಆ ಜನ ಸುಮಾರು ಐವತ್ತು ಲಕ್ಷ ಎಕರೆ ನೆಲ ಬಿಟ್ಟುಕೊಟ್ಟು ಮಿಸಿಸಿಪ್ಪಿ ನದಿಯಾಚೆ ಹೋಗಬೇಕಾಯಿತು. ದಾರಿ ಮಾತ್ರ ಇಲ್ಲೇ ಉಳಿಯಿತು. ಹಾಗಾಗಿ ಗೆಳತಿಗೆ ಬರೆದೆ: ಓರೆ ಬೀದಿಯಲ್ಲಿ ಲೆಕ್ಕ ತಪ್ಪುತ್ತದೆ, ಅಲ್ಲಿ ಎಚ್ಚರ, ಆದರೆ ನಡೆಯಲು ಅವೇ ಚಂದ, ಅವನ್ನು ಕಾಲು ಮಾಡಿದ್ದು, ಅಳತೆಯ ಸರಪಳಿ ಮಾಡಿದ್ದಲ್ಲ.

ಬಸ್ಸುಗಳು ಈ ಮೈಲಿ ಬೀದಿಗಳನ್ನು ಹಿಡಿದು ಓಡುತ್ತವೆ. ಬಹಳಷ್ಟು ಕಡೆ ಅವು ಹಳೆಯ ಟ್ರಾಮಿನ ದಾರಿಗಳೇ. ಶಿಕಾಗೋದ ಟ್ರಾಮ್ ಜಾಲ ಒಂದು ಕಾಲಕ್ಕೆ ಪ್ರಪಂಚದ ಅತಿ ದೊಡ್ಡವುಗಳಲ್ಲಿ ಒಂದಾಗಿತ್ತು. ಕೊನೆಯ ಟ್ರಾಮ್ ನಿಂತದ್ದು 1958ರ ಜೂನಿನಲ್ಲಿ. ಲಾಸ್ ಏಂಜಲೀಸಿನ ಸುತ್ತ ಸುಮಾರು ಸಾವಿರ ಮೈಲಿ ಹಳಿಯ ಮೇಲೆ ಓಡಿದ್ದ ಕೆಂಪು ಟ್ರಾಮುಗಳೂ 1961ರಲ್ಲಿ ನಿಂತವು. 1956ರಲ್ಲಿ ಬಂದ ಹೆದ್ದಾರಿ ಕಾಯ್ದೆ ನಲವತ್ತೊಂದು ಸಾವಿರ ಮೈಲಿ ಹೆದ್ದಾರಿ ಕಟ್ಟಲು ದುಡ್ಡು ಕೊಟ್ಟಿತು. ಮನೆಗಳು ಊರಾಚೆಗೆ ಹೋದವು, ಕಾರಿಲ್ಲದವರು ಮನೆಯೊಳಗೆ ಉಳಿದರು. ಅಮೆರಿಕಕ್ಕೆ ಬಂದ ನಮ್ಮ ಅಪ್ಪ ಅಮ್ಮಂದಿರು ಶನಿವಾರಕ್ಕೆ ಕಾಯುವುದರ ಮೂಲ ಮಕ್ಕಳ ಅಸಡ್ಡೆಯಲ್ಲ. ಅದು ಎಪ್ಪತ್ತು ವರ್ಷ ಹಿಂದೆ ಸಹಿ ಬಿದ್ದ ಒಂದು ಕಾಗದದಲ್ಲಿದೆ. ಇದು ತಿಳಿದ ಮೇಲೆ ಮಗನ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಬಸ್ಸಿನ ಚಿಕ್ಕ ಸಂಗತಿಗಳನ್ನೂ ಬರೆದೆ. ಕಂಡಕ್ಟರ್ ಇರುವುದಿಲ್ಲ. ಡ್ರೈವರ್ ಚಿಲ್ಲರೆ ಕೊಡುವುದಿಲ್ಲ. ಇಳಿಯುವ ಮುಂಚೆ ಕಿಟಕಿಯ ಪಕ್ಕದ ಹಗ್ಗ ಎಳೆಯಬೇಕು. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುವವರು ಬಹಳ, ನೀನೂ ಹೇಳು.

ಮೂರನೇ ಸಾಲು ರೈಲಿನದು: ಬಣ್ಣ ನೋಡಿದರೆ ಸಾಲದು, ಕೊನೆಯ ನಿಲ್ದಾಣದ ಹೆಸರು ನೋಡು. ಇಲ್ಲಿಯ ನಗರದ ರೈಲಿಗೆ ‘ಎಲ್’ ಎನ್ನುತ್ತಾರೆ, ಎತ್ತರದ ಮೇಲೆ ಓಡುವುದು ಎಂಬ ಪದದ ಮೊದಲಕ್ಷರ. 1892ರ ಜೂನ್ 6ರಂದು ಉಗಿ ಎಂಜಿನ್ ಕಟ್ಟಿಕೊಂಡು ಮೊದಲ ಎಲ್ ಓಡಿತು. ಬೀದಿಯ ಮೇಲೆ ಕಬ್ಬಿಣದ ಚಪ್ಪರ ಹಾಕಲು ಅಕ್ಕಪಕ್ಕದ ಆಸ್ತಿವಂತರಲ್ಲಿ ಹೆಚ್ಚಿನವರ ಒಪ್ಪಿಗೆ ಬೇಕೆಂದು ಕಾನೂನಿತ್ತು. ಅದು ಸಿಗುವುದು ಕಷ್ಟವೆಂದು ಕಂಪನಿ ಹಿತ್ತಿಲ ಓಣಿಯ ಜಾಗ ಕೊಂಡು ಅಲ್ಲೇ ಹಳಿ ಎತ್ತಿತು. ಇವತ್ತಿಗೂ ದಕ್ಷಿಣಕ್ಕೆ ಹೋಗುವ ಹಸಿರು ಲೈನಿನಲ್ಲಿ ಕೂತರೆ ಜನರ ಹಿತ್ತಿಲು, ಮರದ ಮೆಟ್ಟಿಲು, ಒಣಹಾಕಿದ ಬಟ್ಟೆ ಕಾಣುತ್ತದೆ. ಊರಿನ ಮುಂಬಾಗಿಲು ತೋರಿಸುವ ಪ್ರವಾಸಗಳು ಬೇಕಾದಷ್ಟಿವೆ, ಹಿತ್ತಿಲು ನೋಡಲು ಎಲ್ ಹತ್ತಬೇಕು. ನಡುಪೇಟೆಯನ್ನು ಸುತ್ತುವ ‘ಲೂಪ್’ 1897ರಲ್ಲಿ ಮುಗಿಯಿತು. ಕಂದು ಬಣ್ಣದ ರೈಲಿನಲ್ಲಿ ನಿದ್ದೆ ಬಂದು ನಿಲ್ದಾಣ ತಪ್ಪಿದರೂ ಹೆದರಬೇಕಿಲ್ಲ, ಅದು ಲೂಪ್ ಸುತ್ತಿ ಹೊರಟಲ್ಲಿಗೇ ವಾಪಸು ಬರುತ್ತದೆ.

ನಾಲ್ಕನೇ ಸಾಲು ರಸ್ತೆ ದಾಟುವುದು. ನಡೆಯುವ ಮನುಷ್ಯನ ಬಿಳಿ ದೀಪ ಬಂದ ಮೇಲೂ ಎಡಕ್ಕೆ ಬಲಕ್ಕೆ ನೋಡಿಯೇ ಕಾಲಿಡಬೇಕು. ಕೆಂಪು ದೀಪವಿದ್ದರೂ ಕಾರುಗಳು ಬಲಕ್ಕೆ ತಿರುಗಬಹುದು, ನಮ್ಮ ಫ್ರೀ ಲೆಫ್ಟ್ ಇದ್ದ ಹಾಗೆ. ಇದು ದೇಶವೆಲ್ಲ ಹರಡಿದ್ದು 1970ರ ದಶಕದ ಎಣ್ಣೆ ಬಿಕ್ಕಟ್ಟಿನ ಕಾಲದಲ್ಲಿ, ಸಿಗ್ನಲ್ಲಿನಲ್ಲಿ ನಿಂತ ಕಾರು ಪೆಟ್ರೋಲ್ ಸುಡುತ್ತದೆ ಎಂಬ ಕಾರಣಕ್ಕೆ. ನ್ಯೂಯಾರ್ಕ್ ನಗರದಲ್ಲಿ ಮಾತ್ರ ಫಲಕವಿಲ್ಲದೆ ಹಾಗೆ ತಿರುಗುವಂತಿಲ್ಲ. ನಡುರಸ್ತೆಯಲ್ಲಿ ದಾಟುವುದಕ್ಕೆ ಇವರು ‘ಜೇವಾಕಿಂಗ್’ ಎನ್ನುತ್ತಾರೆ. ‘ಜೇ’ ಎಂದರೆ ಆಗಿನ ಆಡುಮಾತಿನಲ್ಲಿ ಹಳ್ಳಿಗುಗ್ಗು. 1920ರ ದಶಕದವರೆಗೆ ಬೀದಿ ಎಂದರೆ ನಡೆಯುವವರದ್ದು, ಆಡುವ ಮಕ್ಕಳದ್ದು, ತಳ್ಳುಗಾಡಿಯವರದ್ದು. ಆ ದಶಕದಲ್ಲಿ ಕಾರುಗಳಿಗೆ ಸಿಕ್ಕು ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಊರೂರಲ್ಲಿ ಜನ ಕಾರುಗಳ ವಿರುದ್ಧ ಸಿಟ್ಟಿಗೆದ್ದರು. ಆಗ ಕಾರಿನ ಕಡೆಯವರು ತಪ್ಪು ಗಾಡಿಯದ್ದಲ್ಲ, ಬೀದಿಯಲ್ಲಿ ನಡೆಯಲು ಬಾರದ ಹಳ್ಳಿಗುಗ್ಗುಗಳದ್ದು ಎಂಬ ಮಾತನ್ನು ಚಾಲ್ತಿಗೆ ತಂದರು. ಲಾಸ್ ಏಂಜಲೀಸ್ 1925ರಲ್ಲಿ ಅದನ್ನು ಕಾನೂನು ಮಾಡಿತು, ಉಳಿದ ಊರುಗಳು ನಕಲು ಮಾಡಿದವು. ಕ್ಯಾಲಿಫೋರ್ನಿಯಾ 2023ರಲ್ಲಿ ಆ ನಿಯಮವನ್ನು ಬಹುಮಟ್ಟಿಗೆ ಸಡಿಲಿಸಿದೆ. ಒಂದು ಬೈಗುಳ ಕಾನೂನಾಗಿ ನೂರು ವರ್ಷ ಬಾಳಿತು.

ಇಷ್ಟಕ್ಕೆ ನಾಲ್ಕು ಸಾಲು ಮುಗಿಯಿತು. ಐದನೆಯದು ನನ್ನ ಮಗ ಮೊದಲ ದಿನವೇ ಹೇಳಿದ್ದು. ಫೋನಿನಲ್ಲಿ ನಕ್ಷೆ ತೆರೆದು ಬೆರಳಿನಿಂದ ಒಂದು ಗೆರೆ ಎಳೆದು, “ಅಮ್ಮ, ಇದರಿಂದ ಕೆಳಗೆ ಹೋಗಬೇಡ. ಸೌತ್ ಸೈಡ್ ಸರಿ ಇಲ್ಲ” ಎಂದಿದ್ದ. ಇಲ್ಲಿಗೆ ಬರುವ ಎಲ್ಲರಿಗೂ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಹೇಳುತ್ತಾರೆ, ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಹೇಳುತ್ತಾರೆ. ಅದು ಪೂರಾ ಸುಳ್ಳೂ ಅಲ್ಲ, ಕೆಲವು ಮೊಹಲ್ಲಾಗಳಲ್ಲಿ ಗುಂಡೇಟಿನ ಸುದ್ದಿ ಹೆಚ್ಚು. ಆದರೆ ಶಿಕಾಗೋದ ಅರ್ಧಕ್ಕೂ ಹೆಚ್ಚು ನೆಲ ಆ ಒಂದು ಬೆರಳಿನ ಗೆರೆಯ ಕೆಳಗೆ ಬರುತ್ತದೆ. ಬಸ್ಸಿನಲ್ಲಿ ನನಗೆ ಎಣಿಸಲು ಕಲಿಸಿದ ಹಿರಿಯರ ಮನೆ ಇದ್ದದ್ದೂ ಆ ಕಡೆಯೇ. ಅವರ ಅಜ್ಜಿ ಮಿಸಿಸಿಪ್ಪಿಯಿಂದ ರೈಲಿನಲ್ಲಿ ಬಂದವರಂತೆ. ದಾರಿಯ ಊಟವನ್ನು ಚಪ್ಪಲಿಯ ಡಬ್ಬಿಯಲ್ಲಿ ಕಟ್ಟಿಕೊಂಡು ಬಂದಿದ್ದರಂತೆ, ರೈಲಿನ ಊಟದ ಡಬ್ಬಿಯಲ್ಲಿ ಅವರನ್ನು ಕೂರಿಸುತ್ತಿರಲಿಲ್ಲ ಎಂದು.

ಆ ಚಪ್ಪಲಿ ಡಬ್ಬಿ ನನ್ನ ತಲೆಯಿಂದ ಹೋಗಲಿಲ್ಲ. ಒಂದು ಬುಧವಾರ ಬೆಳಿಗ್ಗೆ ಹತ್ತಕ್ಕೆ, ಯಾರಿಗೂ ಹೇಳದೆ, ಕಂದು ರೈಲಿನಲ್ಲಿ ಲೂಪಿಗೆ ಹೋಗಿ, ಮಿಷಿಗನ್ ಅವೆನ್ಯೂದಲ್ಲಿ 3ನೇ ನಂಬರಿನ ಬಸ್ ಹತ್ತಿದೆ. ಸಂಖ್ಯೆ ಈ ಸಲ ಏರುತ್ತಿತ್ತು, ದಕ್ಷಿಣದ ಲೆಕ್ಕದಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ವಿಶಾಲವಾದ ರಸ್ತೆಯಲ್ಲಿ, 26ನೇ ಬೀದಿಯ ಹತ್ತಿರ ಇಳಿದೆ. ಅಲ್ಲೊಂದು ಕಂಚಿನ ಪ್ರತಿಮೆ ಇದೆ, ಅಲಿಸನ್ ಸಾರ್ ಎಂಬ ಕಲಾವಿದೆ 1996ರಲ್ಲಿ ಮಾಡಿದ್ದು. ಸೂಟ್‌ಕೇಸ್ ಹಿಡಿದು ಉತ್ತರಕ್ಕೆ ಮುಖ ಮಾಡಿ ನಿಂತ ಒಬ್ಬ ಮನುಷ್ಯ. ಹತ್ತಿರ ಹೋದರೆ ಕಾಣುತ್ತದೆ, ಅವನು ತೊಟ್ಟ ಸೂಟು ಬಟ್ಟೆಯದಲ್ಲ, ಸವೆದು ತೂತು ಬಿದ್ದ ಚಪ್ಪಲಿ ಅಟ್ಟೆಗಳದ್ದು. ಒಂದು ಕೈ ಮೇಲೆತ್ತಿದ್ದಾನೆ.

1910ರಲ್ಲಿ ಶಿಕಾಗೋದಲ್ಲಿದ್ದ ಕಪ್ಪು ಜನ ಸುಮಾರು 44 ಸಾವಿರ. 1960ರ ಹೊತ್ತಿಗೆ 8 ಲಕ್ಷ ದಾಟಿದ್ದರು. ದಕ್ಷಿಣದ ಹತ್ತಿಹೊಲ, ಸಾಲ, ಗುಂಪು ಕೊಲೆಗಳಿಂದ ತಪ್ಪಿಸಿಕೊಂಡು ಇಲಿನಾಯ್ ಸೆಂಟ್ರಲ್ ರೈಲು ಹತ್ತಿ 12ನೇ ಬೀದಿಯ ನಿಲ್ದಾಣದಲ್ಲಿ ಇಳಿದವರು. ರಾಬರ್ಟ್ ಅಬಟ್ 1905ರಲ್ಲಿ ಶುರುಮಾಡಿದ ‘ಶಿಕಾಗೋ ಡಿಫೆಂಡರ್’ ಪತ್ರಿಕೆಯನ್ನು ರೈಲಿನಲ್ಲಿ ಕೆಲಸ ಮಾಡುತ್ತಿದ್ದ ಕಪ್ಪು ಪೋರ್ಟರುಗಳು ಗುಟ್ಟಾಗಿ ದಕ್ಷಿಣದ ಊರುಗಳಿಗೆ ಮುಟ್ಟಿಸುತ್ತಿದ್ದರು. ಬಂದಿಳಿದವರಿಗೆ ಆ ಪತ್ರಿಕೆಯೂ ಅರ್ಬನ್ ಲೀಗ್ ಸಂಸ್ಥೆಯೂ ಸಲಹೆಗಳ ಪಟ್ಟಿ ಕೊಡುತ್ತಿದ್ದವು: ಬೀದಿಯಲ್ಲಿ, ಟ್ರಾಮಿನಲ್ಲಿ ಹೇಗೆ ನಡೆದುಕೊಳ್ಳಬೇಕು, ಏನು ಉಟ್ಟು ಹೊರಗೆ ಬರಬಾರದು, ಕೆಲಸ ಎಲ್ಲಿ ಕೇಳಬೇಕು. ಹೊಸಬರಿಗೆ ಊರಿನಲ್ಲಿ ಓಡಾಡುವ ಬಗೆ ಹೇಳುವ ನನ್ನ ಕಾಗದಕ್ಕೆ ನೂರು ವರ್ಷದ ಹಿರಿಯಕ್ಕ ಅದು.

ಪ್ರತಿಮೆಯಿಂದ ಪೂರ್ವಕ್ಕೆ ಹೋದರೆ ಸರೋವರ. 1919ರ ಜುಲೈ 27ರಂದು, ಸೆಕೆಯ ಭಾನುವಾರ, ಯೂಜೀನ್ ವಿಲಿಯಮ್ಸ್ ಎಂಬ ಹದಿನೇಳರ ಹುಡುಗ ಗೆಳೆಯರೊಂದಿಗೆ ತೆಪ್ಪ ಕಟ್ಟಿಕೊಂಡು ನೀರಾಟ ಆಡುತ್ತಿದ್ದ. 25ನೇ ಬೀದಿಯ ದಡ ಕಪ್ಪು ಜನರದ್ದು, 29ನೇ ಬೀದಿಯದ್ದು ಬಿಳಿಯರದ್ದು. ಹಾಗೆಂದು ಯಾವ ಕಾನೂನೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು ಅಷ್ಟೆ. ತೆಪ್ಪ ತೇಲುತ್ತಾ ನೀರಿನ ಮೇಲಿನ ಆ ಕಾಣದ ಗೆರೆ ದಾಟಿತು. ದಡದಿಂದ ಒಬ್ಬ ಕಲ್ಲು ಬೀಸಿದ. ಹುಡುಗ ಮುಳುಗಿ ಸತ್ತ. ಪೊಲೀಸ್ ಪೇದೆ ಕಲ್ಲು ಬೀಸಿದವನನ್ನು ಹಿಡಿಯಲಿಲ್ಲ. ಮುಂದಿನ ಒಂದು ವಾರದ ಗಲಭೆಯಲ್ಲಿ 38 ಜನ ಸತ್ತರು, ಅವರಲ್ಲಿ 23 ಕಪ್ಪು ಜನ, 15 ಬಿಳಿಯರು.

ನೀರಿನ ಮೇಲಿದ್ದ ಗೆರೆ ಆಮೇಲೆ ಕಾಗದದ ಮೇಲೆ ಬಂತು. ಮನೆ ಮಾರುವ ಪತ್ರದಲ್ಲೇ ಕಪ್ಪು ಜನರಿಗೆ ಮಾರಕೂಡದೆಂಬ ಷರತ್ತು ಬರೆಯುತ್ತಿದ್ದರು. ಅದನ್ನು ಕೋರ್ಟುಗಳು ಜಾರಿ ಮಾಡಕೂಡದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. 1930ರ ದಶಕದಲ್ಲಿ ಮನೆಸಾಲದ ಸರ್ಕಾರಿ ಸಂಸ್ಥೆಯೊಂದು ಊರೂರಿನ ನಕ್ಷೆಗೆ ನಾಲ್ಕು ಬಣ್ಣ ಬಳಿಯಿತು: ಹಸಿರು, ನೀಲಿ, ಹಳದಿ, ಕೆಂಪು. ಕಪ್ಪು ಜನರಿದ್ದ ಕಡೆಗೆಲ್ಲ ಕೆಂಪು, ಅಂದರೆ ಇಲ್ಲಿ ಸಾಲ ಕೊಡುವುದು ಅಪಾಯ. ಸಾಲವಿಲ್ಲದ ಕಡೆ ಮನೆ ರಿಪೇರಿಯಾಗುವುದಿಲ್ಲ, ಅಂಗಡಿ ಉಳಿಯುವುದಿಲ್ಲ, ಶಾಲೆ ಸೊರಗುತ್ತದೆ. 1960ರ ದಶಕದ ಆರಂಭದಲ್ಲಿ ಡ್ಯಾನ್ ರಯಾನ್ ಹೆದ್ದಾರಿ ಹತ್ತಾರು ಗಾಡಿಗಳ ಅಗಲಕ್ಕೆ ದಕ್ಷಿಣ ಭಾಗವನ್ನು ಸೀಳಿತು. ಮಗನ ಬೆರಳು ಫೋನಿನ ಮೇಲೆ ಎಳೆದ ಗೆರೆಯಲ್ಲಿ ಇವೆಲ್ಲ ಇದ್ದವು. ಅವನಿಗೆ ಅದು ಗೊತ್ತಿರಲಿಲ್ಲ, ಸಲಹೆ ಕೊಟ್ಟೆ ಎಂದುಕೊಂಡಿದ್ದ.

ಇಂಥ ಗೆರೆಗಳ ನಡುವೆ ಓಡಾಡಲು ಕಪ್ಪು ಜನ ತಮ್ಮದೇ ಕೈಪಿಡಿ ಮಾಡಿಕೊಂಡರು. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿದ್ದ ವಿಕ್ಟರ್ ಹ್ಯೂಗೋ ಗ್ರೀನ್ ಎಂಬ ಅಂಚೆಯವನು 1936ರಲ್ಲಿ ‘ಗ್ರೀನ್ ಬುಕ್’ ಶುರುಮಾಡಿದ. ಯಾವ ಊರಿನಲ್ಲಿ ಯಾವ ಹೋಟೆಲು, ಯಾವ ಮನೆ, ಯಾವ ಕ್ಷೌರದಂಗಡಿ, ಯಾವ ಗ್ಯಾರೇಜು ನಮ್ಮನ್ನು ಒಳಗೆ ಬಿಡುತ್ತದೆ ಎಂಬ ಪಟ್ಟಿ. ಈ ಪುಸ್ತಕ ಬೇಡವಾಗುವ ದಿನ ಬರಲಿ ಎಂಬ ಆಶಯವನ್ನು ಅದರ ಮುನ್ನುಡಿಯೇ ಹೇಳುತ್ತಿತ್ತು. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆ ಬಂತು, ಮತ್ತೆರಡು ವರ್ಷದಲ್ಲಿ ಕೈಪಿಡಿಯ ಕೊನೆಯ ಆವೃತ್ತಿ ಬಂತು. ಗ್ರೀನ್ ಅದನ್ನು ನೋಡಲಿಲ್ಲ, 1960ರಲ್ಲೇ ತೀರಿಕೊಂಡಿದ್ದ.

ನಮ್ಮವರೂ ಆ ಗೆರೆಗೆ ಎಡವಿದ್ದಾರೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1941ರಲ್ಲಿ ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುವಾಗ ಟಿಕೆಟ್ ನೋಡುವವನು ಬಿಳಿಯರ ಡಬ್ಬಿಯಿಂದ ಏಳಿ ಎಂದ. ಅವರು ಏಳಲಿಲ್ಲ. ಅವನು ಹೋಗಿ, ಯಾವ ದೇಶದವರೆಂದು ವಿಚಾರಿಸಲು ಮತ್ತೆ ಬಂದ. ನಾನು ಭಾರತದವಳು, ಕಪ್ಪಿನವಳಲ್ಲ ಎಂದು ಹೇಳಿ ಪಾರಾಗುವುದು ಸುಲಭವಿತ್ತು. ಅವರು ತಾನೂ ಬಣ್ಣದ ಹೆಂಗಸೇ, ಏಳುವುದಿಲ್ಲ ಎಂದರು. ಇನ್ನು ಲೋಹಿಯಾ. 1951ರಲ್ಲಿ ನಮ್ಮ ಕಾಗೋಡಿಗೆ ಬಂದು ಗೇಣಿದಾರರ ಜೊತೆ ನಿಂತು ಬಂಧನಕ್ಕೊಳಗಾದ ಅದೇ ರಾಮಮನೋಹರ ಲೋಹಿಯಾ 1964ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯ ಜಾಕ್ಸನ್ನಿನಲ್ಲಿ ಬಿಳಿಯರ ಊಟದ ಹೋಟೆಲಿನ ಬಾಗಿಲಿಗೆ ಹೋದರು. ಮೊದಲ ದಿನ ಒಳಗೆ ಬಿಡಲಿಲ್ಲ. ಹೇಳಿಯೇ ಮರುದಿನ ಮತ್ತೆ ಹೋದರು, ಪೊಲೀಸರು ಹಿಡಿದು ವ್ಯಾನಿಗೆ ಹಾಕಿದರು. ಅಮೆರಿಕದ ವಿದೇಶಾಂಗ ಇಲಾಖೆ ಕ್ಷಮೆ ಕೇಳಿತು. ಕಾಗೋಡಿನ ಪಾಠ ಮಾಡುವಾಗ ಮಕ್ಕಳಿಗೆ ಈ ಎರಡನೇ ಕಥೆಯನ್ನು ನಾನು ಯಾವತ್ತೂ ಹೇಳಿರಲಿಲ್ಲ.

ಅವತ್ತು ಸಂಜೆ ಮಗನಿಗೆ ಹೇಳಿದೆ, ಇಂಥಲ್ಲಿಗೆ ಹೋಗಿದ್ದೆ ಎಂದು. ಅವನಿಗೆ ಸಿಟ್ಟು ಬಂತು. “ಏನಾದರೂ ಆಗಿದ್ದರೆ?” ಎಂದ. ನಾನು ಯೂಜೀನ್ ವಿಲಿಯಮ್ಸ್, ನಕ್ಷೆಯ ಬಣ್ಣ ಎಂದು ತರಗತಿಯ ದನಿಯಲ್ಲಿ ಶುರುಮಾಡಿದೆ. ಅವನು ತಟ್ಟೆಯಿಂದ ತಲೆ ಎತ್ತದೆ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, “ನೀನೂ ಹೇಳ್ತಿದ್ದೆಯಲ್ಲ ಅಮ್ಮ, ಕೆಳಗಿನ ಕೇರಿಗೆ ಆಡೋಕೆ ಹೋಗಬೇಡ ಅಂತ. ನನ್ನ ಕ್ಲಾಸಿನ ಮೂರು ಜನ ಅಲ್ಲೇ ಇದ್ದರು. ಯಾಕೆ ಅಂತ ಕೇಳಿದ್ರೆ, ಸುಮ್ನೆ ಹೇಳಿದ್ದು ಕೇಳು ಅಂತಿದ್ದೆ” ಎಂದ.

ಮೊಮ್ಮಗಳು ನನ್ನನ್ನೂ ಅವಳಪ್ಪನನ್ನೂ ನೋಡುತ್ತಿದ್ದಳು. ಸೊಸೆ ಎದ್ದು ಮಜ್ಜಿಗೆ ತರಲು ಹೋದಳು.

ಹೌದು, ಹೇಳಿದ್ದೆ. ಬೆಳಿಗ್ಗೆ ಶಾಲೆಯಲ್ಲಿ ಕಾಗೋಡು ಸತ್ಯಾಗ್ರಹ, ಅಸ್ಪೃಶ್ಯತೆ ನಿಷೇಧದ ಸಂವಿಧಾನದ ವಿಧಿ ಬೋರ್ಡಿನ ಮೇಲೆ ಬರೆಸಿ, ಸಂಜೆ ಮನೆಯಲ್ಲಿ ಆ ಮಾತು ಹೇಳಿದ್ದೆ. ನನಗೆ ನನ್ನ ಅಮ್ಮ ಹೇಳಿದ್ದಳು. ಅವಳೂ ಕಾರಣ ಹೇಳಿರಲಿಲ್ಲ. ಆ ಕೇರಿ ನಮ್ಮ ಮನೆಯಿಂದ ಇಲ್ಲಿಯ ಲೆಕ್ಕದಲ್ಲಿ ಇನ್ನೂರು, ಹೆಚ್ಚೆಂದರೆ ಮುನ್ನೂರರ ದೂರ. ಅರವತ್ತು ವರ್ಷ ಆ ಊರಲ್ಲಿದ್ದು ನಾನು ಆ ಕೇರಿಯೊಳಗೆ ಹೋದದ್ದು ಎರಡು ಸಲ. ಜನಗಣತಿಗೆ ಒಮ್ಮೆ, ಓಟರ್ ಪಟ್ಟಿಗೆ ಒಮ್ಮೆ. ಅಮೆರಿಕದಲ್ಲಿ ಗುರುತಿಲ್ಲದ ಊರಿನ 2600 ದಕ್ಷಿಣಕ್ಕೆ ಧೈರ್ಯವಾಗಿ ಬಸ್ ಹತ್ತಿದವಳು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ.

ಗೆಳತಿಗೆ ಐದನೇ ಸಾಲು ಬರೆಯಲು ತಡವಾದದ್ದು ಇದಕ್ಕೇ. ‘ಸೌತ್ ಸೈಡಿಗೆ ಹೋಗಬೇಡ’ ಎಂದು ಬರೆದರೆ ಅಮ್ಮನಿಂದ ಬಂದದ್ದನ್ನು ನಾನೂ ದಾಟಿಸಿದಂತೆ. ‘ಎಲ್ಲೆಂದರಲ್ಲಿ ಹೋಗು’ ಎಂದರೆ ಅದೂ ಬೇಜವಾಬ್ದಾರಿ. ಕೊನೆಗೆ ಹೀಗೆ ಬರೆದೆ: “ಆ ಕಡೆ ಹೋಗಬೇಡ ಎಂದು ಯಾರಾದರೂ ಹೇಳಿದರೆ, ಯಾಕೆ ಎಂದು ಕೇಳು. ಇಂಥ ಬೀದಿ, ಇಂಥ ಹೊತ್ತು, ಹೀಗಾಯಿತು ಎಂದು ಹೇಳಿದರೆ ಆ ಬೀದಿ, ಆ ಹೊತ್ತು ತಪ್ಪಿಸು. ಕಾರಣ ಹೇಳದೆ ಬರೀ ದಿಕ್ಕು ತೋರಿಸಿದರೆ, ಒಂದು ಬೆಳಿಗ್ಗೆ ಹತ್ತಕ್ಕೆ ಬಸ್ ಹತ್ತಿ ಹೋಗಿ ನೋಡಿ ಬಾ. ಜೊತೆಗೆ ಬೇಕಾದರೆ ನಾನಿದ್ದೇನೆ. ಸೆಪ್ಟೆಂಬರಿನಲ್ಲಿ ಇಬ್ಬರೂ ಊರಿಗೆ ಹೋಗುತ್ತೇವಲ್ಲ, ಆಗ ಇನ್ನೊಂದು ಕಡೆಗೂ ಜೊತೆಯಾಗಿ ಹೋಗುವುದಿದೆ. ಅಲ್ಲಿಗೆ ಬಸ್ ಬೇಡ, ನಡೆದೇ ಹೋಗಬಹುದು.”

ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಫೋನ್ ನೋಡಿದರೆ ಅವಳ ಮೆಸೇಜು ಇತ್ತು. “ಲೆಕ್ಕ ಅರ್ಥವಾಯ್ತು, ಸುಲಭ ಇದೆ. ಸೆಪ್ಟೆಂಬರಿನದ್ದೂ ಅರ್ಥವಾಯ್ತು, ಬರ್ತೀನಿ. ಆದರೆ ಅವತ್ತು ನೀನು ತಪ್ಪು ಬಸ್ ಹತ್ತಿದ್ದು ಹ್ಯಾಗೆ ಅಂತ ಬರೆದೇ ಇಲ್ವಲ್ಲ ಮಾರಾಯ್ತಿ?”

ನಿಜ, ಎಲ್ಲಕ್ಕಿಂತ ಮೊದಲು ಬರೆಯಬೇಕಾದದ್ದೇ ಬಿಟ್ಟುಹೋಗಿತ್ತು. ಇಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ನಾನು ಸಾಗರದ ಅಭ್ಯಾಸಬಲದಿಂದ ಎಡಬದಿಯಲ್ಲೇ ನಿಂತು ಕಾದಿದ್ದೆ.